ಬೆಳಿಗ್ಗೆ ಕುಡಿಯುವ ಕಷಾಯದ ವಿಷಯ ನಿಮ್ಮ ಡಾಕ್ಟರಿಗೆ ಹೇಳಿದ್ದೀರಾ?

ಶಿರಸಿ ಮಗಳು

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಆಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಪೂರ್ತಿ ಓದಿ.

ನನ್ನ ಅಪ್ಪನಿಗೆ 68 ವರ್ಷ. ಮೇಷ್ಟ್ರಾಗಿ ರಿಟೈರ್ ಆದವರು. ಮಳೆಗಾಲ ಬಂತೆಂದರೆ ಊರಿನ ತಾಳಮದ್ದಳೆಯಲ್ಲಿ ಭಾಗವತಿಕೆ ಮಾಡುತ್ತಾರೆ. ಹತ್ತು ವರ್ಷದಿಂದ ಬಿಪಿ ಇದೆ, ಆದರೆ ದಿನಕ್ಕೆ ಒಂದೇ ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ಈ ಸಲ ಮಳೆಗಾಲ ಕಳೆಯುವಷ್ಟರಲ್ಲಿ 170, 180 ಅಂತ ಏರತೊಡಗಿತು. ಡಾಕ್ಟರು ಮಾತ್ರೆ ಬದಲಿಸಿದರು. ಎರಡನೆಯದು ಸೇರಿಸಿದರು. ಮೂರನೆಯದೂ ಬಂತು. ಬಿಪಿ ಇಳಿಯಲಿಲ್ಲ. ಪಾದ ಊದಿಕೊಂಡಿತು. ಒಂದು ದಿನ ಊಟ ಮುಗಿಸಿ ಚಾಪೆಯಿಂದ ಏಳಲು ಹೋದವರಿಗೆ ಏಳಲಿಕ್ಕೇ ಆಗಲಿಲ್ಲ. "ತೊಡೆಯಲ್ಲಿ ಶಕ್ತಿಯೇ ಇಲ್ಲ ಮಗಾ" ಅಂದರು. ನಾನೂ ಅಮ್ಮನೂ ಎರಡೂ ಕಡೆ ಹಿಡಿದು ಎಬ್ಬಿಸಿದೆವು.

ಆಸ್ಪತ್ರೆಗೆ ಸೇರಿಸಿದೆವು. ರಕ್ತದಲ್ಲಿ ಪೊಟ್ಯಾಸಿಯಂ 2.8. ಕಡಿಮೆ ಅಂದರೂ 3.5 ಇರಬೇಕಂತೆ. ಇನ್ನೂ ಇಳಿದಿದ್ದರೆ ಹೃದಯದ ಬಡಿತವೇ ತಪ್ಪುವ ಅಪಾಯ ಇತ್ತು ಅಂದರು. "ಬೇರೆ ಏನಾದರೂ ಮಾತ್ರೆ, ಔಷಧಿ ತಗೊಳ್ತಿದ್ದೀರಾ?" ಅಂತ ಕೇಳಿದರು. ಅಪ್ಪ ಇಲ್ಲ ಅಂದರು. ನಾನೂ ಇಲ್ಲ ಅಂದೆ.

ಆ ರಾತ್ರಿ ಬಟ್ಟೆ ತರಲು ಮನೆಗೆ ಬಂದೆ. ಅಡುಗೆಮನೆಯ ಕಟ್ಟೆಯ ಮೇಲೆ, ಕಾಫಿಪುಡಿ ಡಬ್ಬಿಯ ಪಕ್ಕದಲ್ಲಿ, ಒಂದು ಸ್ಟೀಲ್ ಡಬ್ಬಿ. ಒಳಗೆ ತಿಳಿ ಹಳದಿ ಪುಡಿ, ಅದರಲ್ಲೊಂದು ಚಮಚ. ಮೂಸಿದರೆ ಸಿಹಿ ವಾಸನೆ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ಅದು ಅಪ್ಪನ ಗಂಟಲಿನ ಕಷಾಯದ್ದು. ಜೇಷ್ಠಮಧು. ತಾಳಮದ್ದಳೆ ಶುರುವಾದಾಗಿನಿಂದ ದಿನಾ ಎರಡು ಹೊತ್ತು ಕುಡಿಯುತ್ತಾರೆ" ಅಂದರು. ಪದ್ಯ ಹೇಳುವಾಗ ಬೇರಿನ ತುಂಡು ದವಡೆಯಲ್ಲಿ ಇಟ್ಟುಕೊಳ್ಳುವುದೂ ಇತ್ತು. ಲೆಕ್ಕ ಹಾಕಿದರೆ ನಾಲ್ಕು ತಿಂಗಳು.

ಬೆಳಿಗ್ಗೆ ಡಬ್ಬಿಯನ್ನೇ ಡಾಕ್ಟರ ಮುಂದೆ ಇಟ್ಟೆ. ಅವರು ಮುಚ್ಚಳ ತೆಗೆದು ಮೂಸಿ ನೋಡಿ, "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಅಂದರು. ಅಪ್ಪ ನಿಜವಾಗಿ ಆಶ್ಚರ್ಯಪಟ್ಟರು. "ನೀವು ಔಷಧಿ ಕೇಳಿದಿರಿ. ಇದು ಕಷಾಯ ಅಲ್ವಾ?"

ಅಪ್ಪ ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಕಷಾಯವನ್ನು ಯಾರೂ ಔಷಧಿ ಅಂದುಕೊಂಡೇ ಇಲ್ಲ. ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ದಿನಾ ಏನು ಕುಡಿಯುತ್ತೀರಿ, ಏನು ತಿನ್ನುತ್ತೀರಿ? ಅದರಿಂದ ಗುಣವಾಗಿದ್ದೂ ಹೇಳಿ, ತೊಂದರೆಯಾಗಿದ್ದೂ ಹೇಳಿ. ಡಾಕ್ಟರಿಗೆ ಹೇಳಿದ್ದೀರಾ ಅನ್ನುವುದನ್ನೂ ಹೇಳಿ.

ಹಾಸನದ ಆಯುರ್ವೇದ ವೈದ್ಯೆ

ತಂಗೀ, ಅಪ್ಪ ಹುಷಾರಾಗುತ್ತಿದ್ದಾರೆ ಅಂದುಕೊಳ್ಳುತ್ತೇನೆ. ನಾನು ಬಿಎಎಂಎಸ್ ಓದಿ ಹದಿನಾರು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಜೇಷ್ಠಮಧು, ಅತಿಮಧುರ, ಯಷ್ಟಿಮಧು ಎಲ್ಲಾ ಒಂದೇ ಬೇರು. ಗಂಟಲಿಗೆ, ಹೊಟ್ಟೆಯ ಹುಣ್ಣಿಗೆ ನಾನೂ ಕೊಡುತ್ತೇನೆ. ಆದರೆ ಬಿಪಿ ಇರುವವರಿಗೆ, ಕಾಲು ಊದುವವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಕೊಡುವುದಿಲ್ಲ. ಬೇರೆಯವರಿಗೂ ಕೆಲವು ದಿನ ಮಾತ್ರ.

ಕಾರಣ ಹೇಳುತ್ತೇನೆ. ಈ ಬೇರಿನ ಸಿಹಿಗೆ ಗ್ಲಿಸಿರೈಜಿನ್ ಅನ್ನುವ ಅಂಶ ಕಾರಣ. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಇರುತ್ತದೆ. ಅದು ಕಿಡ್ನಿಯ ಮೇಲೆ ಜೋರು ಮಾಡದ ಹಾಗೆ ಒಂದು ಕಿಣ್ವ ಕಾವಲಿರುತ್ತದೆ. ಗ್ಲಿಸಿರೈಜಿನ್ ಆ ಕಾವಲನ್ನು ತೆಗೆದುಹಾಕುತ್ತದೆ. ಆಗ ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಗೆ ಬಿಡುತ್ತದೆ. ಬಿಪಿ ಏರುತ್ತದೆ, ಕಾಲು ಊದುತ್ತದೆ, ಸ್ನಾಯು ಸೋಲುತ್ತದೆ. ಅಪ್ಪನಿಗೆ ಆಗಿದ್ದು ಇದೇ. ಅವರ ಬಿಪಿ ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡಿಸುವುದೇನಾದರೂ ಇದ್ದರೆ ಅದೂ ಪೊಟ್ಯಾಸಿಯಂ ಕಳೆಯುತ್ತದೆ. ನಿಲ್ಲಿಸಿದ ಮೇಲೂ ಸರಿಹೋಗಲು ಕೆಲವು ವಾರ ಹಿಡಿಯಬಹುದು, ಗಾಬರಿಯಾಗಬೇಡಿ.

ಇನ್ನೊಂದು ಮಾತು. ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ "ಡಾಕ್ಟ್ರೇ, ಇದಕ್ಕೆ ಸೈಡ್ ಎಫೆಕ್ಟ್ ಇಲ್ಲ ಅಲ್ವಾ?" ಅಂತ ಕೇಳುತ್ತಾರೆ. ಸರಿಯಾಗಿ ಬಳಸದ ಔಷಧ ವಿಷವಾಗುತ್ತದೆ ಅಂತ ಚರಕ ಸಂಹಿತೆಯೇ ಹೇಳುತ್ತದೆ. ಸರ್ಪಗಂಧಿಯನ್ನೇ ನೋಡಿ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದು ಬಿಪಿ ಇಳಿಸುತ್ತದೆ ಅಂತ ಬರೆದರು. 1949ರಲ್ಲಿ ಮುಂಬೈಯ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ವಿವರವನ್ನು ಬ್ರಿಟನ್ನಿನ ಹೃದಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು, ಜಗತ್ತೆಲ್ಲ ಬಳಸಿತು. ಅದೇ ರಿಸರ್ಪಿನ್‌ನಿಂದ ಕೆಲವರಿಗೆ ಮನಸ್ಸು ತೀರಾ ಕುಗ್ಗಿದ್ದೂ ಉಂಟು. ಬೇರಿಗೆ ಕೆಲಸ ಮಾಡುವ ಶಕ್ತಿ ಇದೆ ಅಂತ ನಂಬುವುದಾದರೆ, ಕೆಡಿಸುವ ಶಕ್ತಿಯೂ ಇದೆ ಅಂತ ನಂಬಲೇಬೇಕು.

ತೀರ್ಥಹಳ್ಳಿ ಅಜ್ಜಿ

ಮಗಳೇ, ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಾನೂ ಇದೇ ಬೇರನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಇನ್ನು ಬಿಪಿ ಉಂಟಾ ಅಂತ ಕೇಳಿಯೇ ಹೇಳುತ್ತೇನೆ.

ನಮ್ಮ ಮನೆಯಲ್ಲಿ ದಿನಾ ಇರುವುದು ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳುಮೆಣಸಿನ ಕಷಾಯ, ಹಾಲು ಬೆಲ್ಲ ಹಾಕಿ. ಮಧ್ಯಾಹ್ನ ಒಂದೆಲಗದ್ದೋ ದೊಡ್ಡಪತ್ರೆಯದ್ದೋ ತಂಬುಳಿ. ಇವನ್ನು ಮದ್ದು ಅಂತ ಕುಡಿಯುವುದಲ್ಲ, ಊಟ. ಇದಕ್ಕೂ ಹೆದರಬೇಕಾ?

ಹಾಸನದ ಆಯುರ್ವೇದ ವೈದ್ಯೆ

ಬೇಡ ಅಮ್ಮ. ಅಡುಗೆಗೆ ಹಾಕುವಷ್ಟು ಹಾಕಿದರೆ ಅದು ಅಡುಗೆ. ಚಮಚಗಟ್ಟಲೆ ಪುಡಿ ಮಾಡಿ, ತಿಂಗಳುಗಟ್ಟಲೆ, ಒಂದೇ ವಸ್ತುವನ್ನು ತೆಗೆದುಕೊಂಡರೆ ಅದು ಔಷಧಿ. ನಿಮ್ಮ ತಂಬುಳಿಯನ್ನು ಯಾವ ಡಾಕ್ಟರೂ ಬೇಡ ಅನ್ನುವುದಿಲ್ಲ.

ದಾವಣಗೆರೆ ಮೆಡಿಕಲ್ ಶಾಪ್

ಕೌಂಟರಿನಲ್ಲಿ ನಿಂತು ದಿನಾ ನೋಡುವುದನ್ನು ಹೇಳುತ್ತೇನೆ. ಶುಗರ್ ಮಾತ್ರೆ ತೆಗೆದುಕೊಳ್ಳುವವರು ಮೆಂತ್ಯ ನೆನೆಸಿ ಕುಡಿಯುತ್ತಾರೆ, ಹಾಗಲಕಾಯಿ ಜ್ಯೂಸೂ ಕುಡಿಯುತ್ತಾರೆ. ಎರಡಕ್ಕೂ ಸಕ್ಕರೆ ಸ್ವಲ್ಪ ಇಳಿಸುವ ಗುಣ ಇದೆ. ಕೆಲವು ಮಾತ್ರೆಗಳ ಜೊತೆ, ಅದರಲ್ಲೂ ಇನ್ಸುಲಿನ್ ಜೊತೆ ಸೇರಿದರೆ ಶುಗರ್ ತೀರಾ ಇಳಿದು ಬೆವರು, ನಡುಕ, ತಲೆಸುತ್ತು. ಅದಕ್ಕಿಂತ ಭಯವಾಗುವುದು ಜ್ಯೂಸ್ ಶುರು ಮಾಡಿ ಮಾತ್ರೆ ನಿಲ್ಲಿಸುವವರನ್ನು ಕಂಡರೆ.

ಹೃದಯದ ವಾಲ್ವ್ ಬದಲಿಸಿಕೊಂಡು ರಕ್ತ ತೆಳು ಮಾಡುವ ವಾರ್ಫರಿನ್ ನುಂಗುವವರು ಒಬ್ಬರಿದ್ದಾರೆ. ಯಾರೋ ಹೇಳಿದರು ಅಂತ ದಿನಾ ನುಗ್ಗೆಸೊಪ್ಪಿನ ರಸ ಶುರು ಮಾಡಿದರು. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ. ಆ ಮಾತ್ರೆ ಕೆಲಸ ಮಾಡುವುದೇ ವಿಟಮಿನ್ ಕೆಗೆ ವಿರುದ್ಧವಾಗಿ. ಸೊಪ್ಪು ತಿನ್ನಬಾರದು ಅಂತಲ್ಲ. ವಾರವೂ ಒಂದೇ ಅಳತೆಯಲ್ಲಿ ತಿನ್ನಬೇಕು, ಇದ್ದಕ್ಕಿದ್ದ ಹಾಗೆ ಹೆಚ್ಚು ಕಡಿಮೆ ಮಾಡಬಾರದು.

ಥೈರಾಯ್ಡ್ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ. ಅದಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿಯೂ ಬೇಡ, ಕಷಾಯವೂ ಬೇಡ.

ಹುಬ್ಬಳ್ಳಿಯಿಂದ

ನಾನು ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಡಾಕ್ಟರಿಗೆ ಹೇಳಿ ಅನ್ನುತ್ತೀರಿ. ನಮ್ಮ ತಾಯಿ ಒಮ್ಮೆ ಹೇಳಿದರು. ಆ ಡಾಕ್ಟರು "ಅದೆಲ್ಲಾ ಗಿಡಗಂಟಿ ತಿಂದುಕೊಂಡು ನನ್ನ ಹತ್ತಿರ ಯಾಕೆ ಬರ್ತೀರಿ?" ಅಂತ ಎಲ್ಲರ ಎದುರಿಗೆ ಬೈದರು. ಅವತ್ತಿನಿಂದ ಅಮ್ಮ ಯಾರಿಗೂ ಏನೂ ಹೇಳುವುದಿಲ್ಲ. ಇಂಗ್ಲಿಷ್ ಮದ್ದಿನಿಂದ ಏನೂ ಆಗುವುದಿಲ್ಲವೇ? ಮೊಣಕಾಲು ನೋವಿಗೆ ನೋವಿನ ಮಾತ್ರೆ ನುಂಗಿ ನುಂಗಿ ನಮ್ಮ ಚಿಕ್ಕಪ್ಪನ ಕಿಡ್ನಿ ಹಾಳಾಯಿತು.

ನರ್ಸ್ ಅಕ್ಕ, ಮೈಸೂರು

ಅಣ್ಣ, ನಿಮ್ಮ ಮಾತು ಪೂರ್ತಿ ನಿಜ. ಬೈದರೆ ಜನ ಬಾಯಿ ಮುಚ್ಚುತ್ತಾರೆ. ಆಮೇಲೆ ಕಷ್ಟ ಆಗುವುದು ಅವರಿಗೇ. ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ಕೇಳದೆ ನುಂಗಿದರೆ ಕಿಡ್ನಿಗೂ ಹೊಟ್ಟೆಗೂ ತೊಂದರೆ ಅನ್ನುವುದನ್ನು ನಾನೂ ಎಷ್ಟೋ ಸಲ ಕಂಡಿದ್ದೇನೆ.

ನಾನು ವಾರ್ಡಿನಲ್ಲಿ ಈಗ ಪ್ರಶ್ನೆಯನ್ನೇ ಬದಲಿಸಿದ್ದೇನೆ. "ಬೇರೆ ಔಷಧಿ ಏನಾದರೂ?" ಅಂತ ಕೇಳುವುದಿಲ್ಲ. "ಬೆಳಿಗ್ಗೆ ಎದ್ದ ಮೇಲೆ ಮೊದಲು ಏನು ಕುಡಿಯುತ್ತೀರಿ? ರಾತ್ರಿ ಮಲಗುವ ಮುಂಚೆ? ಮೈಗೆ, ಕಾಲಿಗೆ ಏನು ಹಚ್ಚುತ್ತೀರಿ? ಊರಿಂದ ಯಾರಾದರೂ ಪುಡಿ ಕಳಿಸುತ್ತಾರಾ?" ಅಂತ ಕೇಳುತ್ತೇನೆ. ಹೀಗೆ ಕೇಳಿದರೆ ಖುಷಿಯಿಂದ ಎಲ್ಲಾ ಹೇಳುತ್ತಾರೆ. ಶಿರಸಿಯ ಅಪ್ಪನಿಗೂ ಹೀಗೆ ಕೇಳಿದ್ದರೆ ಮೊದಲ ದಿನವೇ ಹೇಳಿಬಿಡುತ್ತಿದ್ದರು, ಅಲ್ವಾ?

ಮಂಡ್ಯದ ಹುಡುಗ

"ಊರಿಂದ ಪುಡಿ" ಅಂದಿರಲ್ಲ ಅಕ್ಕ, ಅದನ್ನೇ ಬರೆಯಬೇಕು ಅಂತಿದ್ದೆ.

ಅಮ್ಮನಿಗೆ ಮಂಡಿನೋವು. ಸಂತೆಯಲ್ಲಿ ಒಬ್ಬರು ಗಿಡಮೂಲಿಕೆ ಪುಡಿ ಅಂತ ಕೊಡುತ್ತಿದ್ದರು. ನ್ಯೂಸ್‌ಪೇಪರಿನ ಪೊಟ್ಟಣ, ಹೆಸರಿಲ್ಲ, ತಾರೀಖಿಲ್ಲ. ಮೂರೇ ದಿನಕ್ಕೆ ನೋವು ಮಾಯ. ಅಮ್ಮ ಮೆಟ್ಟಿಲು ಹತ್ತಿದರು, ಗದ್ದೆಗೂ ಹೋದರು. ನಾವೆಲ್ಲಾ ಕೈ ಮುಗಿದೆವು. ಎಂಟು ತಿಂಗಳಲ್ಲಿ ಮುಖ ದುಂಡಗಾಯಿತು, ಹೊಟ್ಟೆ ಬಂತು, ತೋಳು ಸಣ್ಣಗಾಯಿತು. ಮುಟ್ಟಿದರೆ ಚರ್ಮ ಕಪ್ಪುಗಟ್ಟುತ್ತಿತ್ತು. ಎಂದೂ ಇಲ್ಲದ ಶುಗರ್ ಬಂತು. ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿದ್ದಾರೆ ಅಂತ ಡಾಕ್ಟರಿಗೆ ನೋಡಿದ ಕೂಡಲೇ ಅನುಮಾನ ಬಂತು.

ಮುಖ್ಯವಾದ ವಿಷಯ ಇಲ್ಲಿದೆ. ಸಿಟ್ಟಿನಲ್ಲಿ ನಾನು ಆ ಪುಡಿಯನ್ನೆಲ್ಲಾ ತಿಪ್ಪೆಗೆ ಸುರಿದೆ. ಎರಡೇ ದಿನಕ್ಕೆ ಅಮ್ಮನಿಗೆ ವಾಂತಿ, ಬಿಪಿ ಕುಸಿದು ತಲೆ ಎತ್ತಲಾಗದ ಸುಸ್ತು. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೆರಾಯ್ಡ್ ಸಿಕ್ಕಿದರೆ ಮೈ ತನ್ನದನ್ನು ಮಾಡುವುದನ್ನೇ ಬಿಟ್ಟುಬಿಡುತ್ತದಂತೆ. ಹಾಗಾಗಿ ಒಮ್ಮೆಗೇ ನಿಲ್ಲಿಸಬಾರದು, ಡಾಕ್ಟರು ಅಳತೆ ಕೊಟ್ಟು ನಿಧಾನಕ್ಕೆ ಇಳಿಸಬೇಕು. ನಿಮ್ಮ ಮನೆಯಲ್ಲೂ ಅಂಥ ಪುಡಿ ಇದ್ದರೆ ಎಸೆಯಬೇಡಿ. ಪುಡಿಯನ್ನೂ ಅಮ್ಮನನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ. ಮೂರು ದಿನಕ್ಕೆ ಹಳೇ ಮಂಡಿನೋವು ಮಾಯವಾದರೆ ಅನುಮಾನ ಪಡಿ.

ಶಿರಸಿ ಮಗಳು

ಅಮ್ಮ ಈಗ ಹೇಗಿದ್ದಾರೆ?

ಮಂಡ್ಯದ ಹುಡುಗ

ಪರವಾಗಿಲ್ಲ ಅಕ್ಕ. ಒಂದು ವರ್ಷ ಹಿಡಿಯಿತು. ಶುಗರ್ ಉಳಿದುಕೊಂಡಿದೆ. ಮಂಡಿಗೆ ಫಿಸಿಯೋಥೆರಪಿಯ ವ್ಯಾಯಾಮ ಮಾಡುತ್ತಾರೆ, ರಾತ್ರಿ ಬಿಸಿ ಶಾಖ ಕೊಡುತ್ತೇವೆ.

ಕೋಲಾರದವನು

ಕಿಡ್ನಿ ಸ್ಟೋನ್ ಬಗ್ಗೆ ನನ್ನ ಅನುಭವ. ಮೊದಲ ಸಲ 4 ಎಂಎಂ ಕಲ್ಲು. ಬಾಳೆದಿಂಡಿನ ರಸ, ಹುರುಳಿ ಕಟ್ಟಿನ ಸಾರು, ಬಿಂದಿಗೆಗಟ್ಟಲೆ ನೀರು. ಹತ್ತು ದಿನಕ್ಕೆ ಕಲ್ಲು ಹೋಯಿತು. ಊರಿಗೆಲ್ಲಾ ಬಾಳೆದಿಂಡು ಹಂಚಿದೆ.

ಮೂರು ವರ್ಷದ ಮೇಲೆ ಮತ್ತೆ ಬಂತು. ಈ ಸಲ 11 ಎಂಎಂ. ನಾನು ಅದೇ ರಸ ಕುಡಿಯುತ್ತಾ ಐದು ತಿಂಗಳು ಕೂತೆ. ನೋವು ನಿಂತಿತು, ಗೆದ್ದೆ ಅಂದುಕೊಂಡೆ. ಒಂದು ರಾತ್ರಿ ಚಳಿ ಜ್ವರ. ಸ್ಕ್ಯಾನ್ ಮಾಡಿದರೆ ಕಲ್ಲು ಇದ್ದ ಜಾಗದಲ್ಲೇ ಇದೆ. ಮೂತ್ರ ಹಿಂದಕ್ಕೆ ಕಟ್ಟಿ ಕಿಡ್ನಿ ಊದಿದೆ, ಕೀವೂ ಆಗಿದೆ. ಆ ರಾತ್ರಿಯೇ ನಳಿಗೆ ಹಾಕಿ ಕೀವು ತೆಗೆದರು.

ಡಾಕ್ಟರು ಸಮಾಧಾನವಾಗಿ ಹೇಳಿದ್ದು ಇಷ್ಟು. 5 ಎಂಎಂ ಒಳಗಿನ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೋಗುತ್ತವೆ. ನೀರು ಕುಡಿಯುವುದು ಒಳ್ಳೆಯದು, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗುವಷ್ಟು. ನಿಂಬೆಹಣ್ಣಿನಲ್ಲಿರುವ ಸಿಟ್ರೇಟ್ ಹೊಸ ಕಲ್ಲು ಕಟ್ಟದ ಹಾಗೆ ತಡೆಯಲು ಸಹಾಯ ಮಾಡುತ್ತದೆ. ಆದರೆ 10 ಎಂಎಂ ದಾಟಿದ ಕಲ್ಲು ರಸ ಕುಡಿದು ಹೋಗುತ್ತದೆ ಅಂತ ಕಾಯಬಾರದು. ಕಲ್ಲಿನ ಜೊತೆ ಜ್ವರ ಬಂದರೆ ಬೆಳಗಾಗುವವರೆಗೂ ಕಾಯಬಾರದು. ಬಾಳೆದಿಂಡು ಈಗಲೂ ತಿನ್ನುತ್ತೇನೆ, ಪಲ್ಯ ಮಾಡಿಕೊಂಡು. ಸ್ಕ್ಯಾನ್ ಮಾತ್ರ ತಪ್ಪಿಸುವುದಿಲ್ಲ.

ಬಾಣಂತಿ ಅಮ್ಮ, ತುಮಕೂರು

ಮಕ್ಕಳ ಕೆಮ್ಮಿಗೆ ಜೇನುತುಪ್ಪ ಕೊಡಬಹುದಾ? ದೊಡ್ಡವಳಿಗೆ 4 ವರ್ಷ, ಚಿಕ್ಕವನಿಗೆ 5 ತಿಂಗಳು. ಅತ್ತೆ ಇಬ್ಬರಿಗೂ ನೆಕ್ಕಿಸು ಅನ್ನುತ್ತಾರೆ.

ನರ್ಸ್ ಅಕ್ಕ, ಮೈಸೂರು

ದೊಡ್ಡವಳಿಗೆ ಮಲಗುವ ಮುಂಚೆ ಅರ್ಧ ಚಮಚ ಕೊಡಿ ತಾಯಿ. ನಿಜವಾಗಿ ಕೆಲಸ ಮಾಡುತ್ತದೆ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 105 ಮಕ್ಕಳ ಮೇಲೆ ಪರೀಕ್ಷೆ ಮಾಡಿದ್ದರು. ಏನೂ ಕೊಡದ ಮಕ್ಕಳಿಗಿಂತ ಜೇನು ನೆಕ್ಕಿದ ಮಕ್ಕಳಿಗೆ ರಾತ್ರಿ ಕೆಮ್ಮು ಕಡಿಮೆಯಾಗಿತ್ತು, ನಿದ್ದೆಯೂ ಬಂದಿತ್ತು.

ಚಿಕ್ಕವನಿಗೆ ಒಂದು ಹನಿಯೂ ಬೇಡ. ಜೇನಿನಲ್ಲಿ ಕೆಲವು ಸಲ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ. ನಮ್ಮ ಕರುಳು ಅದನ್ನು ತಡೆದುಕೊಳ್ಳುತ್ತದೆ. ಒಂದು ವರ್ಷದ ಒಳಗಿನ ಕೂಸಿನ ಕರುಳಿಗೆ ಆಗುವುದಿಲ್ಲ. ಒಳಗೇ ವಿಷ ಹುಟ್ಟಿ ಕೂಸಿನ ಮೈ ಜೋಲುತ್ತದೆ, ಉಸಿರಿಗೂ ತೊಂದರೆ. ಅತ್ತೆಯವರಿಗೆ ಬೇಜಾರಾಗದ ಹಾಗೆ "ವರ್ಷ ತುಂಬಲಿ ಅತ್ತೆ, ಆಮೇಲೆ ನೀವೇ ನೆಕ್ಕಿಸಿ" ಅನ್ನಿ. ಮೂಗಿಗೆ ಎಣ್ಣೆ ಬಿಡುವುದೂ ಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ. ಚಿಕ್ಕವನು ಹಾಲು ಕುಡಿಯದಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ ಆಸ್ಪತ್ರೆಗೆ ಓಡಿ.

ಡಲ್ಲಾಸ್ ಕನ್ನಡಿಗ

ಬೆನ್ನುನೋವಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಎರಡು ಸಾಲು ಬರೆಯುತ್ತೇನೆ. ಕೂತು ಕೂತು ಸೊಂಟ ಹಿಡಿದಿತ್ತು. ಇಲ್ಲಿನ ಡಾಕ್ಟರು ಮಾತ್ರೆಗಿಂತ ಮುಂಚೆ ಯೋಗಕ್ಕೆ ಹೋಗು ಅಂದರು. ಅಮೆರಿಕದ ಫಿಜಿಷಿಯನ್ನರ ಕಾಲೇಜು 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೇ ಹಾಗಿದೆ. ಹಳೇ ಸೊಂಟನೋವಿಗೆ ಮೊದಲು ವ್ಯಾಯಾಮ, ಯೋಗ, ಅಕ್ಯುಪಂಕ್ಚರ್ ಇಂಥವನ್ನು ನೋಡಿ, ಆಮೇಲೆ ಮಾತ್ರೆ ಅಂತ. ನನಗೆ ಮೂರು ತಿಂಗಳಲ್ಲಿ ಗುಣ ಕಂಡಿತು. ಕಾಲು ಮರಗಟ್ಟಿದರೆ, ಮೂತ್ರದ ಹತೋಟಿ ತಪ್ಪಿದರೆ ಮಾತ್ರ ಯೋಗ ಅಂತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಬೀದರ್ ಮೇಷ್ಟ್ರು

ನಮ್ಮ ಕಡೆ ಕಾಮಾಲೆಗೆ ಡಾಕ್ಟರ ಹತ್ತಿರ ಹೋಗುವವರೇ ಕಡಿಮೆ. ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡುತ್ತಾರೆ, ಕೆಲವು ಕಡೆ ಮುಂಗೈಗೆ ಬರೆ ಎಳೆಯುತ್ತಾರೆ. ಗುಣವಾದವರನ್ನು ನಾನೇ ನೋಡಿದ್ದೇನೆ. ಇದರಲ್ಲಿ ನಿಜ ಎಷ್ಟು?

ಹಾಸನದ ಆಯುರ್ವೇದ ವೈದ್ಯೆ

ಮೇಷ್ಟ್ರೇ, ತುಂಬಾ ಬೇಕಾದ ಪ್ರಶ್ನೆ ಕೇಳಿದಿರಿ. ಕಣ್ಣು ಹಳದಿಯಾಗುವುದು ಲಕ್ಷಣ, ಅದರ ಹಿಂದಿನ ರೋಗ ಹಲವು. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಕ್ಕೆ ತಾನಾಗಿಯೇ ಹೋಗುತ್ತದೆ. ಆ ಹೊತ್ತಿಗೆ ಏನು ಕೊಟ್ಟಿರುತ್ತಾರೋ ಅದಕ್ಕೆ ಹೆಸರು ಬರುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿದ್ದರೆ, ಗಡ್ಡೆ ಒತ್ತುತ್ತಿದ್ದರೆ ಯಾವ ಸೊಪ್ಪೂ ಅದನ್ನು ಬಿಡಿಸುವುದಿಲ್ಲ. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ. ನಿದ್ದೆ ಜಾಸ್ತಿಯಾದರೆ, ಮಾತು ತಡವರಿಸಿದರೆ, ರಕ್ತ ಬಂದರೆ ಒಂದು ಗಂಟೆಯೂ ತಡ ಮಾಡಬಾರದು. ಬರೆಯಿಂದ ಗಾಯ ಬಿಟ್ಟು ಬೇರೇನೂ ಆಗುವುದಿಲ್ಲ. ಮಕ್ಕಳಿಗಂತೂ ಖಂಡಿತ ಬೇಡ.

ನೆಲನೆಲ್ಲಿಯ ಕಥೆ ಬೇರೆ. 1988ರಲ್ಲಿ ಚೆನ್ನೈಯಲ್ಲಿ ಹೆಪಟೈಟಿಸ್ ಬಿ ಇದ್ದವರಿಗೆ ಅದನ್ನು ಕೊಟ್ಟಾಗ 37ರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಹೋಯಿತು ಅಂತ ಲಂಡನ್ನಿನ ದೊಡ್ಡ ವೈದ್ಯ ಪತ್ರಿಕೆಯಲ್ಲಿ ಬಂತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಅಂಥ ಫಲ ಸಿಗಲಿಲ್ಲ. ನನಗೂ ಇದು ನೋವಿನ ವಿಷಯವೇ. ಆದರೆ ಪರೀಕ್ಷೆ ಏನು ಹೇಳುತ್ತದೋ ಅದನ್ನೇ ನಾನು ರೋಗಿಗೆ ಹೇಳಬೇಕು.

ಜಯನಗರ

ಅಮೃತಬಳ್ಳಿಯನ್ನೂ ಸೇರಿಸಿ. ಕೋವಿಡ್ ಕಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಜನ ಅದರ ಕಷಾಯ ಕುಡಿದರು. 2021ರಲ್ಲಿ ಮುಂಬೈಯ ಲಿವರ್ ವೈದ್ಯರು 6 ಜನರಿಗೆ ಲಿವರ್ ಕೆಟ್ಟಿದ್ದನ್ನು ವರದಿ ಮಾಡಿದರು. ಮರುವರ್ಷ 13 ಆಸ್ಪತ್ರೆಗಳಿಂದ 43 ಜನರ ವರದಿ ಬಂತು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದೇ ರೀತಿ ಕಾಣುವ ಇನ್ನೊಂದು ಬಳ್ಳಿಯನ್ನು ಬಳಸಿರಬಹುದು ಅಂದಿತು. ಯಾವುದೇ ಇರಲಿ, ಗೇಟಿನ ಪಕ್ಕದ ಬಳ್ಳಿ ಯಾವುದು ಅಂತ ನಮಗೆ ಗೊತ್ತಾಗುವುದು ಹೇಗೆ? ಅತ್ತಿಗೆಗೆ ಥೈರಾಯ್ಡಿನ ಆಟೋಇಮ್ಯೂನ್ ತೊಂದರೆ ಇದೆ, ಅಂದರೆ ಮೈಯ ರಕ್ಷಣಾ ಶಕ್ತಿ ತನ್ನ ಮೈಗೇ ತಿರುಗಿ ಬೀಳುವುದು. ಅಂಥವರು ಹೆಚ್ಚು ಜಾಗ್ರತೆ ಇರಬೇಕು ಅಂತ ಡಾಕ್ಟರು ಅಂದರು. ಅವಳು ನಿಲ್ಲಿಸಿದಳು.

ಹುಬ್ಬಳ್ಳಿಯಿಂದ

ನರ್ಸ್ ಅಕ್ಕನ ಪ್ರಶ್ನೆಗಳನ್ನು ನಿನ್ನೆ ಅಮ್ಮನಿಗೆ ಕೇಳಿದೆ. ಒಂದೊಂದಾಗಿ ಹೇಳುತ್ತಾ ಹೋದರು. ಬೆಳಿಗ್ಗೆ ಮೆಂತ್ಯದ ನೀರು. ಹನ್ನೊಂದಕ್ಕೆ ಲೋಳೆಸರದ ರಸ. ರಾತ್ರಿ ತ್ರಿಫಲ. ಮಧ್ಯದಲ್ಲಿ ಪಕ್ಕದ ಮನೆಯವರು ಕೊಟ್ಟ ಕಪ್ಪು ಗುಳಿಗೆ, ಅದರ ಹೆಸರು ಅವರಿಗೂ ಗೊತ್ತಿಲ್ಲ. ಅಮ್ಮ ಶುಗರ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಗುಳಿಗೆಯ ಫೋಟೋ ತೆಗೆದಿದ್ದೇನೆ. ಸೋಮವಾರ ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಮೊದಲೇ ಫೋನ್ ಮಾಡಿ, "ಬೈಯಬೇಡಿ ಸಾರ್, ಎಲ್ಲಾ ಹೇಳುತ್ತಾರೆ" ಅಂತ ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ.

ಹಾಸನದ ಆಯುರ್ವೇದ ವೈದ್ಯೆ

ಆ ಹೆಸರಿಲ್ಲದ ಗುಳಿಗೆಯನ್ನು ಈಚೆಗೆ ಶುರು ಮಾಡಿದ್ದರೆ ಇವತ್ತಿನಿಂದ ಕೊಡಬೇಡಿ, ಆದರೆ ತುಂಬಾ ದಿನದಿಂದ ತಿನ್ನುತ್ತಿದ್ದರೆ ನೀವಾಗಿಯೇ ಒಮ್ಮೆಗೇ ನಿಲ್ಲಿಸಬೇಡಿ, ಸೋಮವಾರದವರೆಗೂ ಕಾಯದೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಮಂಡ್ಯದ ತಮ್ಮ ಬರೆದದ್ದನ್ನು ನೆನಪಿಡಿ. ಲೋಹದ ಭಸ್ಮ ಇದ್ದರೂ ಇರಬಹುದು, ಸೀಸದ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ.

ಶಿರಸಿ ಮಗಳು

ಮೂರು ವಾರ ಆಯಿತು, ಸುದ್ದಿ ಹೇಳಬೇಕು ಅಂತ ಬಂದೆ.

ಅಪ್ಪನ ಪೊಟ್ಯಾಸಿಯಂ 4.1ಕ್ಕೆ ಬಂದಿದೆ. ಬಿಪಿ 136. ಮೂರನೆಯ ಮಾತ್ರೆ ತೆಗೆದರು, ಎರಡನೆಯದನ್ನು ಮುಂದಿನ ತಿಂಗಳು ನೋಡೋಣ ಅಂದಿದ್ದಾರೆ. ಪಾದದ ಊತ ಇಳಿದು ಚಪ್ಪಲಿ ಸರಿಯಾಗಿ ಹಿಡಿಯುತ್ತಿದೆ. ಗಂಟಲಿಗೆ ಈಗ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಾರೆ, ಹಾಡುವ ಮಧ್ಯೆ ಬಿಸಿನೀರು ಗುಟುಕರಿಸುತ್ತಾರೆ. ಮೊದಲೆರಡು ದಿನ ಸಿಡಿಮಿಡಿ ಮಾಡಿದರು. ತೀರ್ಥಹಳ್ಳಿ ಅಜ್ಜಿಯ ಕೊತ್ತಂಬರಿ ಜೀರಿಗೆ ಕಷಾಯ ಮಾಡಿಕೊಟ್ಟ ಮೇಲೆ ಸಮಾಧಾನವಾಯಿತು. ಅದನ್ನೂ ಡಾಕ್ಟರಿಗೆ ಹೇಳಿದ್ದೇವೆ, ಕುಡಿಯಲಿ ಅಂದಿದ್ದಾರೆ.

ಸ್ಟೀಲ್ ಡಬ್ಬಿಯಲ್ಲಿ ಅಮ್ಮ ಈಗ ಸಾಸಿವೆ ತುಂಬಿಸಿದ್ದಾರೆ.

ಶನಿವಾರ ದೇವಸ್ಥಾನದಲ್ಲಿ ತಾಳಮದ್ದಳೆ ಇತ್ತು. ಒಂದು ಗಂಟೆ ಮಾತ್ರ ಅಂತ ಮಾತು ಕೊಟ್ಟು ಎರಡು ಗಂಟೆ ಪದ್ಯ ಹೇಳಿದರು. ಮುಗಿದ ಮೇಲೆ ಏಳಿಸೋಣ ಅಂತ ನಾನು ಹತ್ತಿರ ಹೋದೆ. ಜಾಗಟೆ ಕೆಳಗಿಟ್ಟು, ಚಾಪೆಗೆ ಒಂದು ಕೈ ಊರಿ, ತಾವೇ ಎದ್ದರು.